ಕೈಗೆ ಸಿಗುವ ನಾಯಿ

2023ರಲ್ಲಿ ನಾನು ವಿದ್ಯಾರಣ್ಯಪುರದಲ್ಲಿ ಒಂದು ಸಣ್ಣ ಪೆಟ್ ಕ್ಲಿನಿಕ್ ನಡೆಸುತ್ತಿದ್ದೆ. ಅದಕ್ಕೂ ಮೊದಲು ಮೂವತ್ತೊಂದು ವರ್ಷ ಸರ್ಕಾರಿ ಪಶುವೈದ್ಯ. ಹುಣಸಮಾರನಹಳ್ಳಿ ಸುತ್ತಮುತ್ತಲಿನ ಕೊಟ್ಟಿಗೆಗಳಲ್ಲಿ ಹಸುಗಳಿಂದ ಒದೆ ತಿಂದೇ ಕೆಲಸ ಕಲಿತವನು. ನಿವೃತ್ತನಾದ ಮೇಲೆ ಹಸುಗಳ ಜಾಗಕ್ಕೆ ನಾಯಿ ಬೆಕ್ಕುಗಳು ಬಂದವು, ಒದೆಯ ಜಾಗಕ್ಕೆ ವಾದ ಬಂತು. ಎರಡನೇ ಮಹಡಿಯ ಬಾಡಿಗೆ ಮನೆಗೆ ಹಿಮನಾಡಿನ ಹಸ್ಕಿ ನಾಯಿ ತಂದು, ಏಪ್ರಿಲ್ ಬಿಸಿಲಿಗೆ ಅದು ಏದುಸಿರು ಬಿಡುವಾಗ ನನ್ನ ಮುಂದೆ ಕೂತು ಕಣ್ಣೀರು ಹಾಕುವವರನ್ನು ಕಂಡು ಕಂಡು ನನಗೆ ರೇಗಿಹೋಗಿತ್ತು. ಅದಕ್ಕೇ ಒಂದು ನಿಯಮ ಮಾಡಿಕೊಂಡೆ. ನಾಯಿ ತರುವ ಮೊದಲೇ ನನ್ನ ಹತ್ತಿರ ಬನ್ನಿ, ಸಣ್ಣ ಜಾತಿಯೋ ದೊಡ್ಡ ಜಾತಿಯೋ ಹೇಳುತ್ತೇನೆ, ಆ ಗಾತ್ರದ ಬೇರೆಯವರ ನಾಯಿಯನ್ನು ಹದಿನೈದು ದಿನ ಮನೆಯಲ್ಲಿಟ್ಟುಕೊಂಡು ನೋಡಿ, ಆಮೇಲೆ ಸ್ವಂತದ್ದು ತನ್ನಿ.

ಆ ವರ್ಷದ ಜುಲೈನಲ್ಲಿ ಅಬ್ಬಿಗೆರೆಯಿಂದ ಲೋಕೇಶ್, ಪವಿತ್ರ ಎಂಬ ದಂಪತಿ ಬಂದರು. ಅಬ್ಬಿಗೆರೆ ಹಳ್ಳಿಯಾಗಿದ್ದ ಕಾಲದಿಂದಲೂ ಅಲ್ಲೇ ಇರುವ ಮನೆತನ. ಲೋಕೇಶ್‌ಗೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಪವಿತ್ರ ಮನೆಯ ಮುಂದಿನ ಅಂಗಡಿಯಲ್ಲಿ ಬ್ಲೌಸ್ ಹೊಲಿಯುತ್ತಿದ್ದರು. ಅಕ್ಕಪಕ್ಕ ಖಾಲಿ ಸೈಟುಗಳಿವೆ, ಕಾವಲಿಗೆ ದೊಡ್ಡ ನಾಯಿಯೇ ಬೇಕು ಎಂದು ಗಂಡ. ಸಣ್ಣದಾದರೆ ಎತ್ತಿಕೊಂಡು ಓಡಾಡಬಹುದು, ಸ್ನಾನ ಮಾಡಿಸುವುದೂ ಸುಲಭ ಎಂದು ಹೆಂಡತಿ. ಇಬ್ಬರೂ ಸೇರಿ ನನ್ನನ್ನು ಪಂಚಾಯಿತಿಗೆ ಕೂರಿಸಿದರು.

ನಾನು ಎಂದಿನ ಪ್ರಶ್ನೆಗಳನ್ನು ಕೇಳಿದೆ. ಮನೆ ಎಷ್ಟು ಚದರ? ಏಳು. ಅಂಗಳ ಇದೆಯೇ? ಇಲ್ಲ. ಹೊರಗೆ ಸುತ್ತಾಡಿಸುವವರು? ಇಬ್ಬರೂ, ಸರದಿಯ ಮೇಲೆ. ವಯಸ್ಸಾದವರು? ಅಮ್ಮ ಇದ್ದಾರೆ, ಅರವತ್ತೊಂಬತ್ತು, ಗ್ಲಾಕೋಮಾದಿಂದ ಕಣ್ಣು ಮಂದ. ವಯಸ್ಸಾದವರಿರುವ ಇಕ್ಕಟ್ಟಿನ ಮನೆಗೆ ಸಣ್ಣ ಜಾತಿಯೇ ಸರಿ ಎಂದು ಐದೇ ನಿಮಿಷದಲ್ಲಿ ತೀರ್ಪು ಕೊಟ್ಟೆ.

ಆ ಅಮ್ಮ, ಮುನಿಯಮ್ಮ, ಅಷ್ಟು ಹೊತ್ತೂ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಒಳಗೆ ಬನ್ನಿ ಎಂದು ಮಗನೂ ಕರೆಯಲಿಲ್ಲ, ನಾನೂ ಕರೆಯಲಿಲ್ಲ. ದನದ ಡಾಕ್ಟರಾಗಿದ್ದಾಗ ನಾನು ಇಂಥ ತಪ್ಪು ಮಾಡುತ್ತಿರಲಿಲ್ಲ. ಹಸು ಯಾರದೇ ಇರಲಿ, ಹಾಲು ಕರೆಯುವ ಹೆಂಗಸನ್ನು ಕರೆಸಿ ಮಾತಾಡಿಸದೆ ಸಿರಿಂಜ್ ಮುಟ್ಟುತ್ತಿರಲಿಲ್ಲ. ಹಸುವಿನ ಸಂಗತಿ ಗೊತ್ತಿರುತ್ತಿದ್ದದ್ದು ಆಕೆಗೆ, ಯಜಮಾನನಿಗಲ್ಲ. ಟೈಲ್ಸ್ ಹಾಕಿದ ಕ್ಲಿನಿಕ್ಕಿಗೆ ಬಂದ ಮೇಲೆ ಆ ಬುದ್ಧಿಯನ್ನು ಎಲ್ಲೋ ಬಿಟ್ಟು ಬಂದಿದ್ದೆ.

ಮಗಳ ಬಾಣಂತನಕ್ಕೆ ದೆಹಲಿಗೆ ಹೊರಟಿದ್ದ ಒಬ್ಬರು ತಮ್ಮ ಶಿಟ್ಜು ನಾಯಿಯನ್ನು ನೋಡಿಕೊಳ್ಳುವವರಿಗಾಗಿ ಹುಡುಕುತ್ತಿದ್ದರು. ಐದು ಕೆ.ಜಿ. ತೂಕ, ಒಂದು ಗೇಣಿಗಿಂತ ತುಸು ಎತ್ತರ, ಮೈತುಂಬ ಕೂದಲು. ಅದನ್ನೇ ಪ್ರಯೋಗಕ್ಕೆ ಕಳಿಸಿದೆ. ಮೂರನೇ ದಿನ ಪವಿತ್ರ ಫೋನ್ ಮಾಡಿ, ನಾಯಿ ಅತ್ತೆಯ ಕಾಲಿಗೇ ಸಿಕ್ಕಿಕೊಳ್ಳುತ್ತದೆ ಎಂದರು. ನಾನು ನಕ್ಕು, ಕೊರಳಿಗೊಂದು ಗೆಜ್ಜೆ ಕಟ್ಟಿ, ಸದ್ದು ಕೇಳಿ ಸರಿದುಕೊಳ್ಳುತ್ತಾರೆ ಎಂದು ಜಾಣತನ ಮೆರೆದೆ. ನಡೆಯುವ ನಾಯಿಯ ಗೆಜ್ಜೆ ಸದ್ದು ಮಾಡುತ್ತದೆ, ಮಲಗಿದ ನಾಯಿಯ ಗೆಜ್ಜೆ ಮಾಡುವುದಿಲ್ಲ. ಆರನೇ ದಿನ ಬೆಳಿಗ್ಗೆ ಮುನಿಯಮ್ಮ ಕಾಫಿ ಲೋಟ ಹಿಡಿದು ಅಡುಗೆಮನೆಯಿಂದ ಬರುವಾಗ ಹೊಸ್ತಿಲಲ್ಲಿ ಮಲಗಿದ್ದ ಅದನ್ನು ಎಡವಿ ಬಿದ್ದರು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು.

ಸಂಜೆ ಅವರ ಮನೆಗೆ ಹೋದೆ. ಲೋಕೇಶ್ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಇನ್ನೊಂದು ಸಲ ಬಿದ್ದರೆ ಸೊಂಟದ ಮೂಳೆಯೇ ಹೋಗುತ್ತದೆ ಎಂದು ಮೂಳೆ ಡಾಕ್ಟರು ಹೇಳಿದ್ದರಂತೆ. ಹಾಗಾಗಿ ಮನೆಗೆ ನಾಯಿಯೂ ಬೇಡ, ಅಮ್ಮ ಇನ್ನು ಗೇಟು ದಾಟುವುದೂ ಬೇಡ ಎಂದು ತೀರ್ಮಾನವಾಗಿತ್ತು. ಮುನಿಯಮ್ಮ ಮೂವತ್ತು ವರ್ಷ ಎರಡು ರಸ್ತೆ ಆಚೆಯ ಡೈರಿಗೆ ಹಾಲು ಹಾಕಿದವರು. ದನಗಳನ್ನು ಮಾರಿ ನಾಲ್ಕು ವರ್ಷವಾಗಿದ್ದರೂ ಸೊಸೆಯ ಕೈ ಹಿಡಿದು ಬೆಳಿಗ್ಗೆ ಅಲ್ಲಿಗೆ ಹೋಗಿ, ಹಳೆಯ ಜೊತೆಗಾತಿಯರೊಂದಿಗೆ ಅರ್ಧ ಗಂಟೆ ಕೂತು ಬರುತ್ತಿದ್ದರು. ಈಗ ಅದೂ ನಿಂತುಹೋಗಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಪಕ್ಕದಲ್ಲಿ ಕೂತು, ನಿಮಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಮೊದಲ ಸಲ ಅವರನ್ನೇ ಕೇಳಿದೆ. ಗ್ಲಾಕೋಮಾದಲ್ಲಿ ದೃಷ್ಟಿ ಅಂಚಿನಿಂದ ಸವೆಯುತ್ತಾ ಬರುತ್ತದೆ. ಎದುರಿಗಿರುವ ಮುಖ ಕಾಣುತ್ತದೆ, ಕಾಲ ಬಳಿ ಇರುವುದು ಕಾಣುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಯೋಚಿಸಿರಲಿಲ್ಲ, ಅಷ್ಟೇ.

"ನಾನು ದನ ಸಾಕ್ದೋಳು ಡಾಕ್ಟ್ರೇ," ಎಂದರು ಮುನಿಯಮ್ಮ. "ಪಕ್ಕದಾಗೆ ಅಸು ನಿಂತಿದ್ರೆ ಕಣ್ ಮುಚ್ಕೊಂಡಿದ್ರೂ ಗೊತ್ತಾಯ್ತದೆ, ಕೈಗೆ ಸಿಗ್ತದೆ. ನೀವ್ ಕೊಟ್ಟಿದ್ದು ಕಾಲಿಗೆ ಸಿಗ್ತದೆ. ಕೈಗೆ ಸಿಗೋದು ಕೊಡಿ."

ನನ್ನ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು. ಶಿಟ್ಜುವನ್ನು ಅವತ್ತೇ ವಾಪಸ್ ಕರೆತಂದೆ. ಆಗ ಬೇರೆ ಊರಿಗೆ ವರ್ಗವಾಗಿದ್ದ ಒಬ್ಬ ಶಿಕ್ಷಕಿ ತಮ್ಮ ಐದು ವರ್ಷದ ಹೆಣ್ಣು ಲ್ಯಾಬ್ರಡಾರ್‌ಗೆ ಮನೆ ಹುಡುಕುತ್ತಿದ್ದರು. ಇಪ್ಪತ್ತೊಂಬತ್ತು ಕೆ.ಜಿ. ತೂಕ, ಮರಿಯ ಚೇಷ್ಟೆಗಳೆಲ್ಲ ಮುಗಿದ ನಿಧಾನದ ಪ್ರಾಣಿ. ಕುಳ್ಳಗಿನ ಮುನಿಯಮ್ಮ ಕೈ ಇಳಿಬಿಟ್ಟರೆ ಬೆರಳಿಗೆ ಅದರ ಬೆನ್ನು ತಾಗುತ್ತಿತ್ತು. ಲೋಕೇಶ್ ಒಂದೇ ಮಾತು ಕೇಳಿದರು: "ಇಷ್ಟು ದೊಡ್ಡ ನಾಯಿ ಎಳೆದ್ರೆ ಅಮ್ಮನ ಗತಿ ಏನ್ ಸಾರ್?" ನ್ಯಾಯವಾದ ಪ್ರಶ್ನೆ. ನನಗೂ ಹೆದರಿಕೆಯಿತ್ತು. ಕುರುಡರಿಗೆ ದಾರಿ ತೋರಿಸಲು ತರಬೇತಿ ಪಡೆದ ನಾಯಿ ಬೇರೆ, ಇದು ಬೇರೆ, ಇದರಿಂದ ಅಂಥದ್ದೇನೂ ನಿರೀಕ್ಷಿಸಬೇಡಿ ಎಂದು ಬಿಡಿಸಿ ಹೇಳಿದೆ. ಬೆಲ್ಟ್ ಯಾವಾಗಲೂ ಪವಿತ್ರ ಅವರ ಕೈಯಲ್ಲೇ ಇರಬೇಕು, ಅಮ್ಮ ಬೆನ್ನಿನ ಮೇಲೆ ಕೈ ಇಡುವುದಷ್ಟೇ, ಪ್ಲಾಸ್ಟರ್ ಬಿಚ್ಚುವವರೆಗೆ ಗೇಟು ದಾಟುವಂತಿಲ್ಲ ಎಂದು ಷರತ್ತು ಹಾಕಿದೆ. ಲೋಕೇಶ್ ಅರೆಮನಸ್ಸಿನಿಂದ ಒಪ್ಪಿದರು.

ಹೀಗೆ ಹದಿನೈದು ದಿನದ ಪ್ರಯೋಗ ಎರಡು ತಿಂಗಳಿಗೆ ಬೆಳೆಯಿತು. ವಾರಕ್ಕೆರಡು ಸಲ ಹೋಗಿ ನೋಡುತ್ತಿದ್ದೆ. ನಾಯಿಗೆ ಶಿಕ್ಷಕಿ ಇಟ್ಟ ಹೆಸರು ಸ್ಯಾಂಡಿ. ಮುನಿಯಮ್ಮ ಒಂದು ದಿನವೂ ಹಾಗೆ ಕರೆಯಲಿಲ್ಲ, ಮಗಾ ಎನ್ನುತ್ತಿದ್ದರು. ದನ ನಿಲ್ಲಿಸುವಾಗಿನಂತೆ ಉದ್ದಕ್ಕೆ 'ಓ' ಎಂದು ರಾಗ ಎಳೆದರೆ ಅದು ನಿಲ್ಲುವುದನ್ನು ಎರಡನೇ ವಾರಕ್ಕೇ ಕಲಿತಿತ್ತು. ಇಂಗ್ಲಿಷಿನಲ್ಲಿ ಸ್ಟಾಪ್ ಎಂದು ನಾನು ಗಂಟಲು ಹರಿದುಕೊಂಡರೂ ನಿಲ್ಲುತ್ತಿರಲಿಲ್ಲ. ಕಾವಲಿನ ವಿಷಯದಲ್ಲಿ ಮಾತ್ರ ಲೋಕೇಶ್‌ಗೆ ಪೂರ್ತಿ ನಷ್ಟ. ಮೀಟರ್ ಓದಲು ಬಂದವರನ್ನು, ಸಿಲಿಂಡರ್ ತಂದವರನ್ನು, ಎಲ್ಲರನ್ನೂ ಅದು ಬಾಲ ಅಲ್ಲಾಡಿಸಿ ಒಳಗೆ ಕರೆಯುತ್ತಿತ್ತು.

ಸೆಪ್ಟೆಂಬರ್ ಕೊನೆಯ ವಾರ ಮೂವರೂ ನಾಯಿಯೊಂದಿಗೆ ಕ್ಲಿನಿಕ್ಕಿಗೆ ಬಂದರು. ಇಟ್ಟುಕೊಳ್ಳುವುದೋ ವಾಪಸ್ ಕೊಡುವುದೋ ಅವತ್ತು ತೀರ್ಮಾನ ಆಗಬೇಕಿತ್ತು. ಮುನಿಯಮ್ಮ ಅಭ್ಯಾಸಬಲದಿಂದ ಹೊರಗಿನ ಬೆಂಚಿನ ಕಡೆ ತಿರುಗಿದರು. ನಾನೇ ಎದ್ದು ಹೋಗಿ ಒಳಗೆ ಕರೆತಂದು, ನನ್ನೆದುರಿನ ಕುರ್ಚಿಯಲ್ಲಿ ಕೂರಿಸಿ, ಏನು ಮಾಡೋಣ ಅಮ್ಮ ಎಂದು ಕೇಳಿದೆ.

"ಇವತ್ ಬೆಳಿಗ್ಗೆ ಡೈರಿಗಂಟ ಓಗ್ಬಂದೆ ಡಾಕ್ಟ್ರೇ. ಯಾರ್ ಕೈನೂ ಇಡ್ಕಳ್ಳಿಲ್ಲ."

"ನಾನು ಹಿಂದೆ ಬೆಲ್ಟ್ ಹಿಡ್ಕೊಂಡಿದ್ದೆ, ಅಷ್ಟೇ ಸಾರ್," ಎಂದರು ಪವಿತ್ರ. ಲೋಕೇಶ್ ನಾಯಿಯನ್ನು ತಮ್ಮ ಹೆಸರಿಗೆ ಮಾಡಿಕೊಳ್ಳುವ ಕಾಗದವನ್ನು ಎಳೆದುಕೊಂಡು ಸಹಿ ಹಾಕಿದರು.

ಚಿಕ್ಕದು ತರೋಣವೋ ದೊಡ್ಡದು ತರೋಣವೋ ಎಂದು ಈಗಲೂ ಜನ ಬಂದು ಕೇಳುತ್ತಾರೆ. ನಾನು ಉತ್ತರ ಹೇಳುವುದಿಲ್ಲ. ಹಗಲೆಲ್ಲ ಆ ನಾಯಿಯ ಜೊತೆ ಮನೆಯಲ್ಲಿ ಇರುವವರು ಯಾರೋ ಅವರನ್ನು ಕರೆದುಕೊಂಡು ಬನ್ನಿ, ಅವರು ಹೇಳುತ್ತಾರೆ ಎನ್ನುತ್ತೇನೆ.