ಎರಡು ಸಲ ತುಳಿಯುವ ಕ್ಲಚ್ಚು

ಮಿಸ್ತ್ರಿ ಚಾಚಾರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವುದೋ ಲಾರಿಯ ಫ್ಯಾನು ಕಿತ್ತುಕೊಂಡು ಹೋಗಿತ್ತಂತೆ. ಆ ಬೋಳು ಬೆರಳನ್ನು ಓಡುವ ಎಂಜಿನ್ನಿನ ಮೇಲೆ ಊರಿ, ಕಣ್ಣು ಮುಚ್ಚಿ, ಒಳಗೆ ಯಾವ ಸಿಲಿಂಡರು ಸೋತಿದೆ ಎಂದು ಹೇಳಿಬಿಡುತ್ತಿದ್ದರು. ಬಳ್ಳಾರಿಯಲ್ಲಿ ಹಳೆಯ ಮೋಟಾರು ಕೊಳ್ಳುವವರು ಮೊದಲು ಕೌಲ್ ಬಜಾರಿನ ಅವರ ಶೆಡ್ಡಿಗೆ ಹೋಗುತ್ತಿದ್ದರು. ಚಾಚಾ ಹೂಂ ಎಂದರೆ ವ್ಯಾಪಾರ, ಊಹೂಂ ಎಂದರೆ ಮನೆಯ ದಾರಿ. ಬಾಯಿ ಮಾತ್ರ ಬಲು ಕೆಟ್ಟದ್ದು. ಬಣ್ಣ ನೋಡಿ ಗಾಡಿ ಮೆಚ್ಚಿದವರಿಗೆ, "ಸೀರಿ ತಗೊಳ್ಳಾಕ ಬಂದೀಯೇನು?" ಎನ್ನುತ್ತಿದ್ದರು.

ನಮ್ಮಣ್ಣನೂ ಹಾಗೇ ಬೈಸಿಕೊಂಡ. ಯುದ್ಧ ಮುಗಿದಿದ್ದರೂ ಪೆಟ್ರೋಲಿಗೆ ಇನ್ನೂ ಪರ್ಮಿಟ್ಟು ಬೇಕಾಗಿದ್ದ ದಿನಗಳು ಅವು. ಅಣ್ಣ ಸಿರುಗುಪ್ಪದ ಅಕ್ಕಿ ಗಿರಣಿಯ ಕೆಲಸ ಬಿಟ್ಟು, ಟಾಪು ಮಡಚುವಂಥ ಒಂದು ಹಳೆಯ ಕಾರು ಕೊಂಡು ಮದುವೆಯ ಮೆರವಣಿಗೆಗಳಿಗೆ ಬಾಡಿಗೆ ಓಡಿಸುವ ಹಟ ಹಿಡಿದಿದ್ದ. ತೆಕ್ಕಲಕೋಟೆ, ಕರೂರಿನ ಕಡೆ ಭತ್ತ ಬೆಳೆದವರಿಗೆಲ್ಲ ಮಗ ತೆರೆದ ಮೋಟಾರಿನಲ್ಲಿ ಕೂತು ಊರಿಗೆಲ್ಲ ಕಾಣಬೇಕೆಂಬ ಆಸೆ. ಅಪ್ಪ ಇರಲಿಲ್ಲ. ನಾನು ಆಗಷ್ಟೇ ಸಾಲೆಯಲ್ಲಿ ಮಾಸ್ತರನಾಗಿದ್ದೆ. ಅವ್ವ ತನ್ನ ಬಂಗಾರ ಬಿಚ್ಚಿಕೊಟ್ಟಳು.

ಮಾರಾಟಕ್ಕೆ ಎರಡು ಗಾಡಿಗಳಿದ್ದವು. ಒಂದು ಆರು ಸಿಲಿಂಡರಿನದು. ಗೇರು ಬೆಣ್ಣೆಯಂತೆ ಬೀಳುತ್ತಿತ್ತು. ಅಣ್ಣನ ಕಣ್ಣು ಅದರ ಮೇಲೆ. ಇನ್ನೊಂದು ನಾಲ್ಕು ಸಿಲಿಂಡರಿನ ಮುದಿ ಗಾಡಿ. ಗೇರು ಹಳೇ ಕಾಲದ್ದು. ಅದಕ್ಕೆ ಕ್ಲಚ್ಚನ್ನು ಎರಡು ಸಲ ತುಳಿಯಬೇಕು. ಕೆಳಗಿನ ಗೇರಿಗೆ ಇಳಿಸುವಾಗಲಂತೂ ನಡುವೆ ಎಂಜಿನ್ನಿನ ವೇಗ ಏರಿಸಿ ಹಲ್ಲಿಗೆ ಹಲ್ಲು ಕೂಡಿಸಬೇಕು. ಹದ ತಪ್ಪಿದರೆ ಯಾವ ಗೇರೂ ಬೀಳದೆ ಗಾಡಿ ತನ್ನ ಪಾಡಿಗೆ ಉರುಳುತ್ತದೆ.

ಚಾಚಾರ ಪರೀಕ್ಷೆಯೇ ಬೇರೆ. ಮೆರವಣಿಗೆಯ ಮುಂದಿನ ವಾಲಗದವರಂತೆ ತಾವೇ ರಸ್ತೆಯ ನಡುವೆ ನಡೆಯತೊಡಗಿದರು. "ನನ್ನ ಹಿಂದ ಬಾ. ನಿಂದರಬ್ಯಾಡ, ನನಗ ತಾಕಿಸಲೂಬ್ಯಾಡ" ಎಂದು ಗಾಡಿ ನಡೆಸುವವನಿಗೆ ಹೇಳಿದರು. ಸುಡುಬಿಸಿಲು. ಆರು ಸಿಲಿಂಡರಿನದು ಅರ್ಧ ತಾಸಿನಲ್ಲಿ ಕುದಿದು ಹಬೆ ಕಾರಿತು. ಮುದಿ ಗಾಡಿ ಎರಡು ತಾಸು ಅವರ ಹಿಂದೆಯೇ ತೆವಳಿಕೊಂಡು ಬಂತು.

"ಇದನ್ನ ತಗೋ. ಕೆಟ್ರ ನನ್ನ ಕೈಲೆ ರಿಪೇರಿ ಆಗತೈತಿ. ಆದ್ರ ಒಂದು ತಿಂಗಳು ನನ್ನ ಹತ್ರ ಗೇರು ಕಲಿ. ಆಮ್ಯಾಲೆ ರೋಡಿಗೆ ಇಳಿ."

ಅಣ್ಣ ಮುದಿ ಗಾಡಿಯನ್ನೇ ಕೊಂಡು, ಗೇರು ಕಲಿಯಲು ನಾಲ್ಕು ದಿನ ಹೋದ. ಗೇರು ಕರ್ರೆಂದಾಗಲೆಲ್ಲ ಚಾಚಾ ಸ್ಪ್ಯಾನರಿನಿಂದ ಮೊಣಕಾಲಿಗೆ ಬಡಿಯುತ್ತಿದ್ದರು. ಐದನೆಯ ದಿನ ಅಣ್ಣ ನನ್ನನ್ನು ಕರೆದು, "ಲಗ್ನದ ಹಂಗಾಮು ಕೈ ಬಿಟ್ಟು ಹೋಗತೈತಲೇ. ನಾ ಸಿರುಗುಪ್ಪಕ್ಕ ಹೋಗೀನಿ ಅಂತ ಚಾಚಾಗ ಹೇಳಿ ಬಾ" ಎಂದ. ಅಣ್ಣ ಊರಲ್ಲೇ ಬಾಡಿಗೆ ಓಡಿಸುತ್ತಿದ್ದರೂ ಹೋಗಿ ಹಾಗೇ ಹೇಳಿದೆ. ಮುಂದಿನ ವಾರ ಜ್ವರ ಎಂದೆ. ಅದರ ಮುಂದಿನ ವಾರ ಇನ್ನೇನೋ ಅಂದೆ. ಚಾಚಾ ನನ್ನ ಮುಖವನ್ನೇ ನೋಡಿ, "ಬಂದ ಮ್ಯಾಲೆ ಕಳಸು" ಎಂದು ಕೆಲಸಕ್ಕೆ ಬಾಗಿದರು.

ಎಂಟು ಮದುವೆ ಸುಸೂತ್ರವಾಗಿ ನಡೆದವು. ಮೆರವಣಿಗೆಗೆ ಮೊದಲ ಗೇರೊಂದೇ ಸಾಕು. ನಮ್ಮ ಎರೆ ಸೀಮೆಯ ರಸ್ತೆಗಳೂ ಚಪ್ಪಟೆ. ಒಂಬತ್ತನೆಯದು ಕುರುಗೋಡಿನಲ್ಲಿ. ಮದುಮಕ್ಕಳನ್ನು ಇಳಿಸಿ ಒಬ್ಬನೇ ಬರುವಾಗ ಗುಡ್ಡದ ಇಳಿಜಾರಿನಲ್ಲಿ ಗೇರು ಇಳಿಸಲು ಹೋಗಿದ್ದಾನೆ. ಕರಕರ ಸದ್ದು ಮೂರು ಸಲ ಕೇಳಿಸಿತೆಂದು ಕುರಿ ಕಾಯುವವನೊಬ್ಬ ಹೇಳಿದ. ಬ್ರೇಕು ಸಾಲಲಿಲ್ಲ. ಗಾಡಿ ಬಂಡೆಗೆ ಬಡಿದು ಮಗುಚಿತು. ಅಣ್ಣನ ತಲೆಯ ಮೇಲೆ ಟಾಪಿನ ಬಟ್ಟೆಯೂ ಇರಲಿಲ್ಲ.

ಮಣ್ಣು ಮಾಡಿ ಬಂದಾಗ ಚಾಚಾ ನಮ್ಮ ಅಂಗಳದಲ್ಲಿ ನಿಂತಿದ್ದರು. ಓಣಿಯ ಜನವೆಲ್ಲ ನೆರೆದಿತ್ತು. ಇವರು ಬಾಯಿ ಬಿಟ್ಟರೆ ನನ್ನ ಸುಳ್ಳು ಅವ್ವನಿಗೆ ತಿಳಿದುಹೋಗುತ್ತಿತ್ತು. ಅದಕ್ಕೇ ನಾನೇ ಮೊದಲು ಬಾಯಿ ಮಾಡಿದೆ.

"ಮುದಿ ಗಾಡಿ ಗಂಟು ಹಾಕಿ ನಮ್ಮಣ್ಣನ್ನ ಕೊಂದ್ರಿ" ಎಂದು ಕೂಗಿದೆ.

ಊರಿಗೆಲ್ಲ ಬೈಯುವ ಆ ಮನುಷ್ಯ ತಲೆ ತಗ್ಗಿಸಿ, "ಹೌದು ಬೇಟಾ" ಎಂದು ಹೊರಟುಹೋದರು.

ಮಾತು ಹಬ್ಬುವುದಕ್ಕೆ ಎಷ್ಟು ಹೊತ್ತು? ಗಾಡಿ ಆರಿಸಿಕೊಡಲು ಅವರನ್ನು ಕರೆಯುವವರೇ ಇಲ್ಲವಾದರು. ಎಂಜಿನ್ನು ಬಿಚ್ಚುತ್ತಿದ್ದ ಕೈ ಸೈಕಲ್ಲಿನ ಪಂಕ್ಚರಿಗೆ ಬಂತು. ನಾನು ಮೂರು ವರ್ಷ ಆ ಬೀದಿ ತಪ್ಪಿಸಿ ಓಡಾಡಿದೆ. ಹೇಡಿ ನಾನು, ಬೇರೆ ಮಾತಿಲ್ಲ.

ಅವರಿಗೆ ಕ್ಷಯ, ಉಳಿಯುವುದಿಲ್ಲ ಎಂದು ಕೇಳಿದ ಮೇಲೆ ಹೋದೆ. ಶೆಡ್ಡಿನ ಮೂಲೆಯಲ್ಲಿ ಚಾಪೆಯ ಮೇಲಿದ್ದರು.

"ಚಾಚಾ, ನಾ ಆವಾಗ ಬಂದು ಹೇಳಿದ್ದು..."

"ಸುಳ್ಳಂತ ಗೊತ್ತಿತ್ತು. ನಿಮ್ಮಣ್ಣ ಊರಾಗ ಗಾಡಿ ಓಡಸೋದು ನನಗ ಇಲ್ಲೇ ಕೇಳಸ್ತಿತ್ತು. ಹೋಗಿ ಎಳಕೊಂಡು ಬರಬೇಕಿತ್ತು. ಸಿಟ್ಟು ಮಾಡ್ಕೊಂಡು ಕುಂತೆ." ಕೆಮ್ಮಿ ಸುಧಾರಿಸಿಕೊಂಡು, "ಗಾಡೀನೂ ನನ್ನ ಕೈಗೆ ಒಗ್ಗೂದನ್ನ ಆರಿಸಿದೆ. ಅವನ ಕೈ ನೋಡಲಿಲ್ಲ" ಎಂದರು.

"ಅವತ್ತು ಅಂಗಳದಾಗ ಯಾಕ ಹೇಳಲಿಲ್ರಿ?"

"ನಿಮ್ಮವ್ವಗ ಒಬ್ಬ ಮಗ ಹೋಗಿದ್ದ. ಇನ್ನೊಬ್ಬನ್ನ ನಾ ಕಸಗೊಳ್ಳಲೇನು?"

ನಾಲ್ಕನೆಯ ದಿನ ತೀರಿಕೊಂಡರು. ನಾನೂ ಹೆಗಲು ಕೊಟ್ಟೆ. ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ತಡೆದು, "ನಿಮ್ಮಣ್ಣನ್ನ ಕೊಂದಾವನ್ನ ಹೊತ್ತು ಬಂದೇನು?" ಎಂದು ಕೇಳಿದಳು. ಅವಳಿಗೆ ಆಗಲಾದರೂ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಬದುಕಿರುವ ತನಕ ಅವಳು ಆ ಮನುಷ್ಯನನ್ನು ಶಪಿಸಿದಳು. ನಾನು ಪಕ್ಕದಲ್ಲಿ ಕೂತು ಕೇಳಿದೆ.