ಉಡಿ ತುಂಬಿ ಕಳಿಸಿದ ಊರು

ಅಫಜಲಪುರದ ಬಾಡಿಗೆ ಮನೆಯ ಬೀಗವನ್ನು ನಮ್ಮವರು ತೆಗೆದಾಗ ಒಳಗೊಬ್ಬ ಹೆಂಗಸು ಕಸ ಗುಡಿಸುತ್ತಿದ್ದಳು. ಮುಂಬಾಗಿಲಿಗೆ ಬೀಗ, ಹಿತ್ತಿಲ ಬಾಗಿಲಿಗೆ ಒಳಗಿನಿಂದ ಅಗುಳಿ, ನಡುವೆ ಈ ಹೆಂಗಸು. ನನ್ನ ಕೈಯಲ್ಲಿದ್ದ ಟ್ರಂಕು ನನ್ನ ಕಾಲ ಮೇಲೇ ಬಿತ್ತು. ಅವಳು ಮಾತ್ರ ಪೊರಕೆ ಕೆಳಗಿಡದೆ, “ಬರ್ರಿ ಬಾಯಾರ, ಬಲಗಾಲ ಇಟ್ಟು ಬರ್ರಿ. ಧೂಳ ಭಾಳ ಇತ್ತು, ಅದಕ್ಕ ಮಾಳಗಿ ಮ್ಯಾಲಿಂದ ಇಳದು ಬಂದೇನಿ” ಅಂದಳು.

ಮಾಳಗಿ ಅಂದರೆ ಮಣ್ಣು ಹಾಕಿ ಸಪಾಟು ಮಾಡಿದ ಮೇಲ್ಛಾವಣಿ. ಆ ಓಣಿಯ ಮಾಳಗಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಒಬ್ಬರ ಒಳಂಗಳದ ಮೆಟ್ಟಿಲು ಹತ್ತಿ ಇನ್ನೊಬ್ಬರ ಒಳಂಗಳಕ್ಕೆ ಇಳಿಯಬಹುದಿತ್ತು, ಬಾಗಿಲಿನ ಹಂಗೇ ಇಲ್ಲ. ಮಂಡ್ಯದ ನಮ್ಮ ಬೀದಿಯಲ್ಲಿ ಪಕ್ಕದ ಮನೆಯವರು ಸಕ್ಕರೆ ಕೇಳಲು ಬಂದರೂ ಗೇಟಿನ ಚಿಲಕ ಅಲ್ಲಾಡಿಸಿ, ನಾವು ಕತ್ತು ಹೊರಗೆ ಹಾಕುವ ತನಕ ಕಾಯುತ್ತಿದ್ದರು. ಇಲ್ಲಿ ನೆಟ್ಟಗೆ ಅಡುಗೆಮನೆಗೆ ಬಂದು, ಪಾತ್ರೆಯ ಮುಚ್ಚಳ ತೆಗೆದು ನೋಡಿ, ಆಮೇಲೆ “ಏನ್ ಮಾಡೀರಿ ಇವತ್ತ?” ಎಂದು ಕೇಳುತ್ತಾರೆ. ಮೊದಲ ತಿಂಗಳು ನಾನು ಪಾತ್ರೆಗಳನ್ನು ಬೀರುವಿನಲ್ಲಿಟ್ಟೆ. ಬೀರುವನ್ನೂ ತೆಗೆದು ನೋಡಿದರು.

ಗುಡಿಸುತ್ತಿದ್ದ ಹೆಂಗಸಿನ ಹೆಸರು ಗುರುಬಾಯಿ, ಪಕ್ಕದ ಮನೆಯವಳು. ವಯಸ್ಸು ಐವತ್ತರ ಆಸುಪಾಸು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಹೊಲವನ್ನು ತಾನೇ ನಿಂತು ಮಾಡಿಸುತ್ತಿದ್ದಳು. ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಸದಾ ಯಾರಿಗಾದರೂ ಒಂದು ಬೈಗುಳ. ನಾನು ಅವಳನ್ನು ಅವ್ವ ಅಂತಲೇ ಕರೆಯುತ್ತಿದ್ದೆ, ಹಾಗಾಗಿ ಇಲ್ಲೂ ಏಕವಚನದಲ್ಲೇ ಬರೆಯುತ್ತೇನೆ. ನಮ್ಮವರು ದನದ ಡಾಕ್ಟರಾದ್ದರಿಂದ ನಾನು ಮಾತ್ರ ಅವಳಿಗೆ, ಇಡೀ ಓಣಿಗೆ, ‘ಬಾಯಾರು’.

ಜೋಳದ ರೊಟ್ಟಿ ಬಡಿಯಲು ಕಲಿಸಿದವಳು ಅವಳೇ. ನಾನು ಅಂಜಿ ಅಂಜಿ ತಟ್ಟುವುದನ್ನು ನೋಡಲಾರದೆ, “ಬಾಯಾರ, ಅದು ಹಿಟ್ಟರಿ, ಹಾವಲ್ಲ. ಹೆದರಬ್ಯಾಡ್ರಿ, ಬಡೀರಿ” ಅನ್ನುತ್ತಿದ್ದಳು. ಒಮ್ಮೆ ಊರಿಂದ ತಂದ ರಾಗಿಯಲ್ಲಿ ಮುದ್ದೆ ಮಾಡಿಕೊಟ್ಟೆ. ಬೆರಳಿಂದ ಒತ್ತಿ ನೋಡಿ, “ಇದನ್ನ ತಿಂತೀರೋ, ಗ್ವಾಡಿಗಿ ಮೆತ್ತತೀರೋ?” ಅಂದಳು. ಹಿಟ್ಟು ತಿಂದವನು ಬೆಟ್ಟ ಕಿತ್ತಿಡುತ್ತಾನೆ ಎಂಬ ನಮ್ಮ ಗಾದೆ ಹೇಳಿ ಮಾನ ಉಳಿಸಿಕೊಳ್ಳಲು ನೋಡಿದೆ. “ನಮ್ಮ ಕಡಿ ಕೀಳಾಕ ಬೆಟ್ಟ ಎಲ್ಲವ್ರಿ?” ಅಂದುಬಿಟ್ಟಳು. ನಿಜವೇ. ಕಣ್ಣು ಹಾಯಿಸಿದಷ್ಟೂ ಕಪ್ಪು ನೆಲ, ತೊಗರಿ, ಜೋಳ.

ಇಷ್ಟಿದ್ದೂ ನಾನು ಅಲ್ಲಿಂದ ಹೊರಡಬೇಕೆಂದು ಎಂಟು ವರ್ಷ ಹಲುಬಿದೆ. ಏಪ್ರಿಲ್ ಬಂದರೆ ನೆಲಕ್ಕೆ ಹಾಸಿದ ಪರಸಿ ಕಲ್ಲು ಸಂಜೆಯವರೆಗೂ ಸುಡುತ್ತಿತ್ತು. ಕಾಲುವೆಯ ನೀರಿನಲ್ಲಿ ಆಡಿ ಬೆಳೆದವಳು ಒಂದು ಕೊಡ ನೀರಿಗೆ ಪಾಳಿ ನಿಂತೆ. ಊರಿಗೆ ಹೋದಾಗಲೆಲ್ಲ ನೆಂಟರು, “ಗುಲ್ಬರ್ಗಾ ಕಡೀಕೆ ಹಾಕ್ಬುಟ್ಟವ್ರಂತೆ, ಪಾಪ” ಅನ್ನುತ್ತಿದ್ದರು, ಜೈಲಿಗೆ ಹಾಕಿದ ಹಾಗೆ. ನಾನೂ ಪಾಪದ ಮುಖ ಮಾಡುತ್ತಿದ್ದೆ. ಅಲ್ಲೇ ಹುಟ್ಟಿದ ಮಗಳು ಅಜ್ಜಿಯ ಮುಂದೆ “ನಾ ಉಣ್ಣಾಕತ್ತೇನಿ” ಅಂದಾಗ ಎಲ್ಲರೂ ನಗುತ್ತಿದ್ದರು. ನನಗೆ ಮಗಳ ಬಾಯಿ ಮುಚ್ಚಿಸುವಷ್ಟು ನಾಚಿಕೆಯಾಗುತ್ತಿತ್ತು. ಬೇಸಿಗೆ ಬಂತೆಂದರೆ, ಈ ಸಲವಾದರೂ ವರ್ಗ ಮಾಡಿಸಿಕೊಳ್ಳಿ ಅಂತ ನಮ್ಮವರ ತಲೆ ತಿನ್ನುತ್ತಿದ್ದೆ.

ಕೊನೆಗೊಂದು ಬೇಸಿಗೆ ಆರ್ಡರ್ ಬಂದೇಬಂತು, ಅದೂ ಮಂಡ್ಯಕ್ಕೇ.

ಆ ಕಡೆ ಒಂದು ಪದ್ಧತಿಯಿದೆ. ಓಣಿಯಲ್ಲಿ ಬಹಳ ದಿನ ಬಾಳಿದ ಹೆಣ್ಣನ್ನು ಬರಿದೇ ಕಳಿಸುವುದಿಲ್ಲ, ಉಡಿ ತುಂಬಿ ಕಳಿಸುತ್ತಾರೆ. ಸೆರಗೊಡ್ಡಿ ಕೂತವಳ ಮಡಿಲಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು, ಎಲೆಯಡಿಕೆ, ಕುಪ್ಪಸದ ಕಣ. ನಮ್ಮಲ್ಲಿ ಮಡಿಲಕ್ಕಿ ಕಟ್ಟುವವರು ತವರಿನವರು ಮಾತ್ರ. ಅಲ್ಲಿ ಓಣಿಗೆ ಓಣಿಯೇ ತವರಾಗಿಬಿಡುತ್ತದೆ. ಹೊರಡುವ ವಾರ ನಾನು ಒಲೆಯನ್ನೇ ಹಚ್ಚಲಿಲ್ಲ, ದಿನಕ್ಕೊಂದು ಮನೆಯಲ್ಲಿ ಊಟ. ನಮ್ಮವರಿಗೆ ದಸ್ತಿ ಅನ್ನುವ ಕೈವಸ್ತ್ರ, ಟೊಪಗಿ, ನನಗೆ ಸೀರೆ, ಮಗಳಿಗೆ ಲಂಗ.

ಹೊರಡುವ ದಿನ ಮುತ್ತೈದೆಯರೆಲ್ಲ ಒಬ್ಬೊಬ್ಬರಾಗಿ ಬಂದು ಉಡಿ ತುಂಬಿದರು. ಗುರುಬಾಯಿ ಮಾತ್ರ ಬಾಗಿಲ ಹತ್ತಿರವೇ ನಿಂತಿದ್ದಳು. ನಾನು ಕರೆದೆ. ಓಣಿಯ ಹಿರಿಯಳಾದ ನೀಲಮ್ಮ ನನ್ನ ಕಿವಿಗೆ ಬಾಯಿ ಹಚ್ಚಿ, “ಆಕಿ ಕೈಲೆ ಬ್ಯಾಡ್ರಿ ಬಾಯಾರ. ಗಂಡ ಇಲ್ಲದಾಕಿ” ಅಂದಳು. ನನಗೆ ಸಿಟ್ಟು ಬಂತು. ದಿನಾ ಶರಣರ ಮಾತು ಹೇಳುವ ಮಂದಿ ನೀವು, ಶಕುನ ಅಪಶಕುನ ಇಲ್ಲ ಅನ್ನುವವರು, ಈಗೇಕೆ ಹೀಗೆ ಅಂತ ಎಲ್ಲರ ಎದುರಿಗೇ ಕೇಳಿದೆ. ನೀಲಮ್ಮ ಪಕ್ಕಕ್ಕೆ ಸರಿದಳು. ಗುರುಬಾಯಿ ಬಂದು ಕೂತಳು. ಬೊಗಸೆ ತುಂಬ ಅಕ್ಕಿ ತೆಗೆದು ನನ್ನ ಉಡಿಗೆ ಹಾಕಿದಳು. ಎಂಟು ವರ್ಷದಲ್ಲಿ ಅವಳು ನನ್ನನ್ನು ನೀನು ಅಂದದ್ದು ಆಗಲೇ. “ಹೋಗಿ ಬಾ ಮಗಳ. ಈ ಸೀಮಿಗಿ ಯಾವಾಗರೆ ಬಂದ್ರ ಮೊದಲ ನಮ್ಮ ಬಾಗಿಲಿಗಿ ಬರಬೇಕ ನೋಡು.” ಬರುತ್ತೇನೆ ಅಂತ ಮಾತು ಕೊಟ್ಟೆ. ಓಣಿಯವರೂ ಅತ್ತರು, ನಾನೂ ಅತ್ತೆ. ಅಳುವಿನೊಳಗೇ, ಅಂತೂ ಪಾರಾದೆ ಎನ್ನುವ ಸಂತೋಷವೂ ಇತ್ತು.

ಮಂಡ್ಯದಲ್ಲಿ ಅಮ್ಮನ ಮನೆಯ ಹಿಂದಿನ ಬೀದಿಯಲ್ಲೇ ಮನೆ ಸಿಕ್ಕಿತು. ನಲ್ಲಿಯಲ್ಲಿ ನೀರು, ಬಾಗಿಲಲ್ಲಿ ಹೂವು, ಕೂಗಿದರೆ ಕೇಳುವಷ್ಟು ಹತ್ತಿರ ಅಕ್ಕ. ಆದರೆ ಮಧ್ಯಾಹ್ನವಾದರೆ ಯಾರೂ ಬರುತ್ತಿರಲಿಲ್ಲ. ನನ್ನ ಪಾತ್ರೆಯ ಮುಚ್ಚಳ ನಾನೇ ತೆಗೆದು ನಾನೇ ಮುಚ್ಚಬೇಕು. ಒಂದು ದಿನ ಬಾಯಿ ಕೆಟ್ಟು ರೊಟ್ಟಿ ಬಡಿಯಲು ಕೂತರೆ ಅಮ್ಮ ಓಡಿಬಂದು, “ಏನೇ ಇದು! ಗೋಡೆ ಬಿದ್ದೋಯ್ತೇನೋ ಅಂದ್ಕಂಡೆ. ನಿಲ್ಸು ಕಣೆ, ಪಕ್ಕದೋರು ಏನಂದ್ಕಂಡಾರು” ಅಂದರು. ಮದುವೆಮನೆಯಲ್ಲಿ ಬಾಯಿತಪ್ಪಿ “ಹೌದ್ರಿ” ಅಂದದ್ದಕ್ಕೆ ಚಿಕ್ಕಮ್ಮನ ಮಕ್ಕಳು ಸಂಜೆಯವರೆಗೂ ನನ್ನನ್ನು ಹೌದ್ರಿ ಹೌದ್ರಿ ಅಂತಲೇ ಕೂಗಿದರು. ತಮಾಷೆಗೇ. ನಾನು ಅಡುಗೆಮನೆಗೆ ಹೋಗಿ ಅತ್ತೆ. ಏಳು ತಿಂಗಳಾಗುವ ಹೊತ್ತಿಗೆ, ವಾಪಸು ಹೋಗೋಣ ಅಂತ ನಾನೇ ಬಾಯಿಬಿಟ್ಟೆ. ನಮ್ಮವರು ಮೊದಲು ನಕ್ಕರು, ಆಮೇಲೆ ಬೈದರು, ಆಮೇಲೆ ಸುಮ್ಮನಾದರು. ಅವರಿಗೂ ಮಂಡ್ಯದಲ್ಲಿ ಕುರ್ಚಿ ಕಾಯುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

ಊರಿನ ನನ್ನ ಅಕ್ಕತಂಗಿಯರು ಇದನ್ನು ಓದಿ ಬೆಚ್ಚಬಹುದು. ನಮ್ಮನ್ನು ಸರ್ಕಾರವೇ ಮತ್ತೆ ಇತ್ತ ಎಸೆಯಿತು ಅಂತ ಅವರಿಗೆಲ್ಲ ಹೇಳಿದ್ದೇನೆ. ಇಲ್ಲ, ನಾವೇ ಕೇಳಿಕೊಂಡು ಬಂದದ್ದು. ಮೇಲಧಿಕಾರಿಗೂ ನಂಬಿಕೆ ಬರಲಿಲ್ಲವಂತೆ. “ಏನ್ರೀ, ಮನೇಲಿ ಜಗಳಾನ? ಎಲ್ರೂ ಅಲ್ಲಿಂದ ಬರೋಕೆ ಕಾಲು ಹಿಡೀತಾರೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಖಾಲಿ ಇದೆ, ಬೇಕಾದ್ದು ತಗೊಳ್ಳಿ” ಅಂದರಂತೆ. ನಮ್ಮವರು ನಗುತ್ತಾ ಮನೆಗೆ ಬಂದು, “ಅಫಜಲಪುರ ಅಂತ ಬರೆದುಕೊಡಲಾ?” ಅಂದರು.

ನಾನು ಬೇಡ ಅಂದೆ.

ಯಾವ ಮುಖ ಹೊತ್ತು ಹೋಗಲಿ? ಓಣಿಗೆ ಓಣಿಯೇ ಅತ್ತು ಕಳಿಸಿತ್ತು. ಅವರು ಕೊಟ್ಟ ಸೀರೆಯ ಮಡಿಕೆಯನ್ನೇ ಇನ್ನೂ ಬಿಚ್ಚಿರಲಿಲ್ಲ. ಅದೇ ಟ್ರಂಕು ಹೊತ್ತುಕೊಂಡು ಹೋಗಿ, ನನ್ನ ಹುಟ್ಟೂರಲ್ಲೇ ನನಗೆ ಒಗ್ಗಲಿಲ್ಲ ಅನ್ನಲೇ? ಉಡಿ ತುಂಬಿಸಿಕೊಂಡ ಮಗಳು ಗಂಟುಮೂಟೆ ಸಮೇತ ಬಂದರೆ ತವರಿನವರಿಗೂ ಒಂದು ಥರ. ಆಳಂದದಲ್ಲಿ ಆ ಓಣಿಯವರ ಬೀಗರು ಬೀದಿಗೊಬ್ಬರಿದ್ದರು. ಉಳಿದದ್ದು ಜೇವರ್ಗಿ. ಆ ಜನಕ್ಕಾಗಿಯೇ ಇಷ್ಟು ದೂರ ಬಂದವಳು ಆ ಜನಕ್ಕೇ ಮುಖ ತಪ್ಪಿಸಿ ಪಕ್ಕದ ತಾಲ್ಲೂಕಿನಲ್ಲಿ ಮನೆ ಮಾಡಿದೆ. ಸಂತೆಗೆ ಹೋದರೆ ತಲೆತುಂಬ ಸೆರಗು. ಗುಲ್ಬರ್ಗಾ ಬಸ್ಸು ನಿಂತರೆ ಇಳಿಯುವವರ ಮುಖ ನೋಡಿ ಆಮೇಲೆ ಹೆಜ್ಜೆ ಇಡುತ್ತಿದ್ದೆ. ಗುರುಬಾಯಿ ಅವ್ವನ ಮನೆಗೆ ಯಾವಾಗ ಹೋಗುವುದು ಅಂತ ಮಗಳು ಕೇಳಿದರೆ, ರಜೆ ಬರಲಿ ಅನ್ನುತ್ತಿದ್ದೆ. ದಸರೆಯ ರಜೆಯೂ ಬಂತು, ಹೋಯಿತು.

ಜೇವರ್ಗಿ ಹತ್ತಿರದ ಅಂದೋಲಾದಲ್ಲಿ ನಮ್ಮವರು ಒಂದು ಎಮ್ಮೆಗೆ ಸೂಜಿ ಹಾಕುತ್ತಿದ್ದಾಗ ಅದರ ಯಜಮಾನ, “ನೀವು ಅಫಜಲಪುರದಾಗ ಇದ್ದ ಡಾಕ್ಟರಲ್ರೀ?” ಅಂದನಂತೆ. ಅವನ ಹೆಂಡತಿಯ ತವರು ನಮ್ಮ ಓಣಿ. ಅದಾಗಿ ಕೆಲವು ದಿನಕ್ಕೆ, ಒಂದು ಸಂಜೆ ಬಾಗಿಲು ತೆಗೆದರೆ ಗುರುಬಾಯಿ ನಿಂತಿದ್ದಳು.

“ಅವ್ವ! ಒಳಗೆ ಬಾ” ಅಂದೆ.

“ಬ್ಯಾಡ್ರಿ ಬಾಯಾರ. ಇಲ್ಲೇ ಕುಂಡ್ರತೇನಿ. ಒಂದ ಮಾತ ಕೇಳಿ ಹೋಗ್ತೇನಿ.”

ಮತ್ತೆ ಬಾಯಾರ ಆಗಿದ್ದೆ. ಅವಳು ಕಟ್ಟೆಯ ಮೇಲೆ ಕೂತು, ನನ್ನ ಮುಖ ನೋಡದೆ ಕೇಳಿದಳು. “ನನ್ನ ಕೈಲೆ ಉಡಿ ತುಂಬಿಸ್ಕೊಂಡ್ರಿ. ಅದಕ್ಕ ಏನರೆ ಕೇಡ ಆತೇನ್ರಿ ನಿಮಗ?”

“ಯಾವ ಕೇಡು ಅವ್ವ?” ಅಂದೆ.

“ಈ ಸೀಮಿಗಿ ಬಂದ್ರೂ ನಮ್ಮ ಓಣಿ ತುಳಿಯಾಕ ಒಲ್ರು ಅಂದಮ್ಯಾಲ ಏನೋ ಆಗಿರಬೇಕ ಅಂತ ಮಂದಿ ಅನ್ನಾಕತ್ತಾರ. ನೀಲಮ್ಮ ಅಂತಾಳ, ಮುಂಡಿ ಕೈ ಉಡಿಗಿ ಹತ್ತಬಾರದಿತ್ತು ಅಂತ. ಈಗ ಯಾರ ಮನಿ ಕಾರ್ಯದಾಗೂ ನನ್ನ ಮುಂದ ಕರಿಯಂಗಿಲ್ಲ. ಅದಕ್ಕೇನ ನಾ ಅಳಂಗಿಲ್ರಿ. ನಿಮಗ, ಕೂಸಿಗಿ ಏನರೆ ಆಗಿದ್ರ ಖರೇ ಹೇಳ್ರಿ. ಮಠಕ್ಕ ಹೋಗಿ ಕಾಯಿ ಒಡಿಸಿ ಬರ್ತೇನಿ.”

ನೆಲ ಬಾಯಿಬಿಡಬಾರದೇ ಅನ್ನಿಸಿತು. ನನ್ನನ್ನು ಯಾರು ನೋಡಿಬಿಡುತ್ತಾರೋ ಎಂಬ ಒಂದೇ ಚಿಂತೆಯಲ್ಲಿದ್ದೆ. ನಾನು ಹೋಗದೇ ಇದ್ದದ್ದಕ್ಕೆ ಅಲ್ಲಿ ಒಂದು ಕಾರಣ ಬೇಕಾಗುತ್ತದೆ, ಆ ಕಾರಣ ಯಾರದೋ ತಲೆಯ ಮೇಲೆ ಹೋಗಿ ಕೂರುತ್ತದೆ ಅಂತ ಹೊಳೆದಿರಲೇ ಇಲ್ಲ. ಅವಳ ಕಾಲ ಹತ್ತಿರ ಕೂತು ಎಲ್ಲ ಹೇಳಿದೆ: ವರ್ಗಕ್ಕಾಗಿ ಹಲುಬಿದ್ದು, ಮಂಡ್ಯ ಒಗ್ಗದೇ ಹೋದದ್ದು, ಬೇಕಂತಲೇ ಜೇವರ್ಗಿ ಬರೆಸಿದ್ದು. “ಏನೂ ಕೇಡಾಗಿಲ್ಲ ಅವ್ವ. ನಾಚಿಕೆಯಾಯಿತು, ಅದಕ್ಕೇ ಬರಲಿಲ್ಲ. ಅಷ್ಟೇ.”

“ಶರಮಿಗೇನು?” ಅಂದಳು. ನಾಚಿಕೆಗೆ ಆ ಕಡೆಯ ಮಾತು ಶರಮು. “ಬರೀ ಶರಮಿಗೇನ ಬೇ?” ನಗುತ್ತಾಳೇನೋ ಅಂದುಕೊಂಡೆ. ಬೈದರೂ ಆಗುತ್ತಿತ್ತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, “ನಿನ್ನ ಶರಮ ನೀ ಇಲ್ಲಿ ಮುಚ್ಚಿಟ್ಟಿ. ಅಲ್ಲಿ ಅದನ್ನ ನಾ ಹೊತ್ತೇನಿ” ಅಂದಳು.

ಆ ರಾತ್ರಿ ಅವಳನ್ನು ಉಳಿಸಿಕೊಂಡು, ಬೆಳಗಿನ ಬಸ್ಸಿಗೆ ಜೊತೆಯಲ್ಲೇ ಹೊರಟೆ. ಅಫಜಲಪುರದಲ್ಲಿ ನೀಲಮ್ಮನ ಅಂಗಳಕ್ಕೆ ಓಣಿಯ ಹೆಂಗಸರೆಲ್ಲ ಬಂದರು. ನಿಂತುಕೊಂಡೇ ಹೇಳಿದೆ: ಗುರುಬಾಯಿಯ ಕೈಯಿಂದ ನನಗೆ ಒಳ್ಳೆಯದೇ ಆಗಿದೆ, ಬರದೇ ಇದ್ದದ್ದು ನನ್ನ ತಪ್ಪು, ನಾಚಿಕೆಗೆ ಬರಲಿಲ್ಲ. ಅವರು ತಾಳ್ಮೆಯಿಂದ ಕೇಳಿದರು. “ಆತು ಬಿಡ್ರಿ ಬಾಯಾರ, ನಾವೇನ ಅಂದೀವಿ?” ಅಂದಳು ನೀಲಮ್ಮ. ಚಹಾ ಬಂತು, ಚೂಡಾ ಅನ್ನುವ ಒಗ್ಗರಣೆ ಅವಲಕ್ಕಿ ಬಂತು. ಎಲ್ಲರೂ ಪ್ರೀತಿಯಿಂದಲೇ ಮಾತಾಡಿಸಿದರು. ನಾನು ಗುರುಬಾಯಿಯ ಮಾನ ಉಳಿಸಲು ಕಥೆ ಕಟ್ಟುತ್ತಿದ್ದೇನೆ ಎಂದು ಅವರಿಗೆ ಅನ್ನಿಸಿದ್ದು ಮುಖದಲ್ಲೇ ಕಾಣುತ್ತಿತ್ತು. ಹುಟ್ಟೂರು ಸೇರದೆ ತಮ್ಮ ಓಣಿಗಾಗಿ ಒಬ್ಬಳು ತಿರುಗಿ ಬರುತ್ತಾಳೆ ಅಂದರೆ ಅವರಾದರೂ ಹೇಗೆ ನಂಬಬೇಕು?

ಹೊರಡುವಾಗ ಮಗಳನ್ನು ಬರಿದೇ ಕಳಿಸಬಾರದು ಅಂತ ನೀಲಮ್ಮ ಉಡಿಯ ಸಾಮಾನು ತಂದಳು. ಮೊದಲು ಗುರುಬಾಯಿ ತುಂಬಲಿ ಅಂದೆ. ಅವಳು ಎದುರಿಗಿದ್ದ ತನ್ನ ಮನೆಯ ಹೊಸ್ತಿಲಲ್ಲಿ ನಿಂತವಳು ದಾಟಲಿಲ್ಲ. “ಅವ್ರೇ ತುಂಬಲಿ ಬೇ. ನೀ ಚಂದಾಗಿರು, ಅಷ್ಟ ಸಾಕು.” ಹಿಂದೆ ಎಲ್ಲರ ಎದುರಿಗೆ ವಾದ ಮಾಡಿದವಳು ನಾನೇ. ಈ ಸಲ ತಲೆ ತಗ್ಗಿಸಿ ನೀಲಮ್ಮನಿಗೆ ಸೆರಗೊಡ್ಡಿದೆ.

ಅಕ್ಕತಂಗಿಯರೇ, ಊರಿಗೆ ಬಂದಾಗಲೆಲ್ಲ ನೀವು ಕೇಳುತ್ತೀರಿ, ಅಲ್ಲಿ ಸುಖವಾಗಿದ್ದೀಯಾ, ಅಲ್ಲೇ ಇರ್ತೀಯಾ, ಬೇರೆ ಕಡೆ ಹೋಗಬಾರದಾ ಅಂತ. ಜೇವರ್ಗಿ ಒಳ್ಳೆಯ ಊರು, ದೂರುವುದಕ್ಕೇನೂ ಇಲ್ಲ. ಆದರೂ ಆ ಓಣಿಗೇ ಹೋಗುವ ಆಸೆ ನನಗಿದೆ. ಅವತ್ತು ಅಫಜಲಪುರದ ಬಸ್ ನಿಲ್ದಾಣದವರೆಗೆ ಗುರುಬಾಯಿ ನನ್ನನ್ನು ಕಳಿಸಲು ಬಂದಿದ್ದಳು. ಬಸ್ಸು ಹತ್ತುವ ಮೊದಲು ಕೇಳಿಯೇಬಿಟ್ಟೆ. “ಅವ್ವ, ಇಲ್ಲಿಯ ಜಾಗ ಇನ್ನೂ ಖಾಲಿ ಇದೆಯಂತೆ. ನಾವು ಇಲ್ಲಿಗೇ ಬಂದುಬಿಡಲಾ?”

ಅವಳು ನನ್ನ ಸೆರಗಿನ ಗಂಟು ಬಿಗಿ ಇದೆಯೋ ಇಲ್ಲವೋ ಅಂತ ಎಳೆದು ನೋಡಿ, “ಬ್ಯಾಡ ಮಗಳ. ಅಲ್ಲೇ ಇರು. ನೀ ದಿನಾ ಕಣ್ಣೆದುರಿಗಿದ್ರ ಮಂದಿ ನಾ ಉಡಿ ತುಂಬಿದ್ದನ್ನ ದಿನಾ ನೆನಸ್ತಾರ” ಅಂದಳು.