ತಮ್ಮನ ಕೈಯ ಚಮಚ

ಅಪ್ಪನಿಗೆ ಲಕ್ವ ಹೊಡೆದು, ಆಸ್ಪತ್ರೆಯಿಂದ ಕೋಲಾರದ ನನ್ನ ಮನೆಗೆ ಬಂದಾಗ ಕೈಕಾಲು ಅಷ್ಟಿಷ್ಟು ಆಡುತ್ತಿದ್ದವು. ಮಾತೂ ತೊದಲುತ್ತ ಬರುತ್ತಿತ್ತು. ಕೆಟ್ಟಿದ್ದು ನುಂಗುವುದು. ನೀರು ಕುಡಿದರೆ ಕೆಮ್ಮು, ಗಂಜಿ ಕುಡಿದರೆ ಕೆಮ್ಮು. ಯಲ್ದೂರಿನ ತೋಟದಲ್ಲಿ ಎರಡೆರಡು ಮುದ್ದೆಯನ್ನು ಅಗಿಯದೆ ಇಳಿಸುತ್ತಿದ್ದ ಮನುಷ್ಯ, ಒಂದು ಚಮಚ ಗಂಜಿಗೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದ.

ನುಂಗುವುದನ್ನು ಹೇಳಿಕೊಡುವ ಥೆರಪಿ ಮೇಡಂ ಒಂದು ಹಾಳೆ ಕೊಟ್ಟಿದ್ದರು. ನೆಟ್ಟಗೆ ಕೂರಿಸಿ. ಗಲ್ಲ ಎದೆಯ ಕಡೆಗೆ ಬಾಗಿರಲಿ. ನೀರು ನೀರಾದದ್ದು ಬೇಡ, ಚಮಚ ಓರೆ ಮಾಡಿದರೆ ನಿಧಾನಕ್ಕೆ ಜಾರುವಷ್ಟು ಗಟ್ಟಿ ಇರಲಿ. ಒಂದು ತುತ್ತು ಇಳಿಯುವ ತನಕ ಇನ್ನೊಂದು ಬೇಡ. ಬಾಯಲ್ಲಿ ತುತ್ತಿದ್ದಾಗ ಮಾತಾಡಿಸಬೇಡಿ. ಕೆಮ್ಮುವಾಗ ನೀರು ಕೊಡಬೇಡಿ. ಡಾಕ್ಟರು ಇನ್ನೊಂದು ಮಾತು ಸೇರಿಸಿದರು: "ಹದಿನೈದು ದಿನ ನೋಡೋಣ. ಹೀಗೇ ಕೆಮ್ತಾ ಇದ್ರೆ ಊಟ ಶ್ವಾಸಕೋಶಕ್ಕೆ ಹೋಗುತ್ತೆ. ಆಗ ಮೂಗಿಗೆ ಟ್ಯೂಬ್ ಹಾಕ್ಬೇಕಾಗುತ್ತೆ." ಪಕ್ಕದ ಮಂಚದವರ ಮೂಗಿನ ಟ್ಯೂಬನ್ನು ಅಪ್ಪ ದಿನವೂ ನೋಡಿದ್ದ. ಆಟೋದಲ್ಲಿ ಬರುವಾಗ ನನ್ನ ತೋಳು ಹಿಡಿದು, "ಅದೊಂದು ಬೇಡ ಕಣೋ" ಅಂದ.

ಹಾಳೆಯನ್ನು ಗೋಡೆಗೆ ಅಂಟಿಸಿ, ಮುಖ್ಯವಾದ ಸಾಲುಗಳ ಕೆಳಗೆ ಕೆಂಪು ಗೆರೆ ಎಳೆದೆ. ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲನೆಯವನು ನಾನು. ಮಾಲೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅನ್ನನಾಳ ಹಿಂದೆ, ಶ್ವಾಸನಾಳ ಮುಂದೆ, ನಡುವೆ ಪುಟ್ಟ ಮುಚ್ಚಳ. ಈ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ವರ್ಷ ಬಿಡಿಸಿದ್ದೇನೋ. ಅಪ್ಪನಿಗೆ ತಿನ್ನಿಸುವ ಕೆಲಸ ನನಗಿಂತ ಚೆನ್ನಾಗಿ ಯಾರಿಗೆ ಬರಬೇಕು?

ಹೆಂಡತಿ ರಾಗಿ ಸರಿ ಗಟ್ಟಿಯಾಗಿ ಮಾಡಿ, ಸೋಸಿ ಕೊಡುತ್ತಿದ್ದಳು. ಬೆಳಗ್ಗೆ ಮಾಲೂರಿನ ಬಸ್ಸಿಗೆ ಹೊರಡುವ ಮುಂಚೆ ನಾನೇ ತಿನ್ನಿಸುತ್ತಿದ್ದೆ. ಅಪ್ಪ ಕುರ್ಚಿಯಲ್ಲಿ, ನಾನು ಇಸ್ತ್ರಿ ಪ್ಯಾಂಟು ಹಾಕಿಕೊಂಡು ಎದುರಿಗೆ. "ಗಲ್ಲ ಕೆಳಗಿಡಪ್ಪ" ಅನ್ನುತ್ತಿದ್ದೆ. ಇಡುತ್ತಿದ್ದ. ಚಮಚ ಎತ್ತಿದ ಕೂಡಲೇ ಮುಖ ಮೇಲಕ್ಕೆ ಬರುತ್ತಿತ್ತು, ಹಿಂದೆಯೇ ಕೆಮ್ಮು. "ಎಷ್ಟು ಸಲ ಹೇಳ್ಬೇಕು?" ಅಂತ ನನ್ನ ದನಿ ಏರುತ್ತಿತ್ತು. ಅರ್ಧ ಬಟ್ಟಲಿಗೇ ಅಪ್ಪ ಕೈ ಅಡ್ಡ ಇಟ್ಟು, "ಚಾಲು ರಾ" ಅಂತ ತೆಲುಗಿನಲ್ಲಿ ಸಾಕು ಮಾಡಿಬಿಡುತ್ತಿದ್ದ.

ಆರನೇ ದಿನ ತಮ್ಮ ಬಂದ. ಎಸೆಸೆಲ್ಸಿ ಎರಡು ಸಲ ಬರೆದು ಬಿಟ್ಟವನು. ಅಪ್ಪನ ಜೊತೆ ಮಾವಿನ ತೋಟದಲ್ಲೇ ಬೆಳೆದವನು. ಕೈಕಾಲು ತೊಳೆದು, ಅಡಿಗೆಮನೆಯಿಂದ ಕುಳ್ಳ ಸ್ಟೂಲು ತಂದು ಅಪ್ಪನ ಮುಂದೆ ಹಾಕಿಕೊಂಡು, "ಕೊಡಿ ಅತ್ತಿಗೆ, ಇವತ್ತು ನಾನ್ ತಿನ್ನಿಸ್ತೀನಿ" ಅಂದ.

ಅಪ್ಪ ಒಂದು ಸಲವೂ ಕೆಮ್ಮಲಿಲ್ಲ. ಬಟ್ಟಲು ಖಾಲಿಯಾಯಿತು.

"ಏನ್ಲಾ ಹಾಕ್ದೆ ಅದರಲ್ಲಿ?" ಅಂತ ಕೇಳಿದೆ.

"ನಿಮ್ಮನೆ ರಾಗೀನೇ ಅಣ್ಣ. ಮೇಷ್ಟ್ರು ಎದುರಿಗೆ ನಿಂತಿದ್ರೆ ಯಾರಿಗೆ ಗಂಟಲಲ್ಲಿ ಇಳಿಯುತ್ತೆ?"

ಹೆಂಡತಿ ನಕ್ಕಳು. ಅಪ್ಪನೂ ಸೊಟ್ಟ ಬಾಯಲ್ಲೇ ನಕ್ಕ. ನಾನು ಗೋಡೆಯ ಹಾಳೆ ತೋರಿಸಿ, ಊಟ ಆದಮೇಲೆ ಅರ್ಧ ಗಂಟೆ ಮಲಗಿಸಬಾರದು, ಅಷ್ಟಾದರೂ ತಿಳ್ಕೋ ಅಂದೆ. ಅವನು ಹಾಳೆಯತ್ತ ನೋಡಿ, "ಸರಿ" ಅಂದ. ಆ ಸರಿಯೂ ನನಗೆ ಚುಚ್ಚಿತು.

ಈ ಹೊಟ್ಟೆಕಿಚ್ಚು ಅವತ್ತಿನದಲ್ಲ. ಹತ್ತನೇ ವಯಸ್ಸಿಗೆ ನನ್ನನ್ನು ಮುಳಬಾಗಿಲಿನ ಹಾಸ್ಟೆಲಿಗೆ ಬಿಟ್ಟು ಹೋದ ಅಪ್ಪ, ತಮ್ಮನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ತೋಟಕ್ಕೆ ಕರೆದೊಯ್ಯುತ್ತಿದ್ದ. ರಜೆಗೆ ಬಂದಾಗ ನೋಡುತ್ತಿದ್ದೆ, ಮರದ ಕೆಳಗೆ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ನಾನೂ ಕೂರಲು ಹೋದರೆ, "ನಿನಗೆ ಬೇರೆ ತಟ್ಟೆ ಹಾಕ್ತಾಳೆ ನಿಮ್ಮಮ್ಮ, ಮನೇಲಿ ಉಂಡು ಓದ್ಕೋ ಹೋಗು" ಅನ್ನುತ್ತಿದ್ದ. ಅದು ಮರ್ಯಾದೆಯ ಮಾತು, ನನಗೆ ಗೊತ್ತು. ನನ್ನ ಓದಿಗೆ ಅವನು ಪಟ್ಟ ಪಾಡೂ ಗೊತ್ತು. ಆದರೂ ಹೇಳುತ್ತೇನೆ, ಡಿಗ್ರಿ ಸಿಕ್ಕಿದ್ದು ನನಗೆ, ಅಪ್ಪ ಸಿಕ್ಕಿದ್ದು ಅವನಿಗೆ.

ತಮ್ಮ ಐದು ದಿನ ಉಳಿದ. ದಿನವೂ ಅಪ್ಪ ಅವನ ಕೈಯಲ್ಲಿ ಹೊಟ್ಟೆ ತುಂಬ ಉಂಡ. ಮೂರನೇ ದಿನ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ ನನಗೆ, ಒಂದೇ ಒಂದು ಸಲ ಕೆಮ್ಮಲಿ, ಇವನ ಕೈಯಲ್ಲೂ ಕೆಮ್ಮಲಿ ಅನ್ನಿಸಿತು. ಹೆತ್ತ ತಂದೆಗೆ ಉಸಿರು ಸಿಕ್ಕಿಕೊಳ್ಳಲಿ ಅಂತ ಬಯಸಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆ.

ಮಾರನೇ ದಿನ ಭಾನುವಾರ. ತಮ್ಮ ಮಾತ್ರೆ ತರಲು ಹೋಗಿದ್ದ. ಅವನು ಬರುವಷ್ಟರಲ್ಲಿ ಬಟ್ಟಲು ಖಾಲಿ ಮಾಡಿ ತೋರಿಸಬೇಕು ಅಂತ ಅವಸರಕ್ಕೆ ಬಿದ್ದೆ. ಹಿಂದಿನ ತುತ್ತು ಇಳಿಯಿತೋ ಇಲ್ಲವೋ ನೋಡದೆ ಇನ್ನೊಂದು ಇಟ್ಟೆ. ಸಾಲದ್ದಕ್ಕೆ, "ನನ್ನ ಕೈಲೂ ತಿಂತೀಯ ಅಲ್ವೇನಪ್ಪ?" ಅಂತ ಕೇಳಿದೆ. ಉತ್ತರ ಕೊಡಲು ಅಪ್ಪ ಬಾಯಿ ತೆರೆದ. ತುತ್ತು ಹಿಂದಕ್ಕೆ ಜಾರಿತು. ಮುಖ ಕೆಂಪಾಗಿ, ಎಳೆದೆಳೆದು ಕೆಮ್ಮತೊಡಗಿದ. ಕೆಂಪು ಗೆರೆ ಎಳೆದ ನನ್ನದೇ ಕೈ ನೀರಿನ ಲೋಟ ಎತ್ತಿಕೊಂಡಿತ್ತು.

"ನೀರು ಬೇಡ ಅಣ್ಣ" ಅಂತ ಬಾಗಿಲಿನಿಂದಲೇ ಅಂದ ತಮ್ಮ. ಮಾತ್ರೆ ಕವರನ್ನು ಅಲ್ಲೇ ಬಿಟ್ಟು ಬಂದು ಅಪ್ಪನ ಭುಜ ಹಿಡಿದು ಮುಂದಕ್ಕೆ ಬಾಗಿಸಿದ. "ಕೆಮ್ಮು, ಜೋರಾಗಿ ಕೆಮ್ಮು, ಏನಾಗಲ್ಲ." ಅಪ್ಪ ಕೆಮ್ಮಿ ಕೆಮ್ಮಿ ಅಷ್ಟನ್ನೂ ಹೊರಗೆ ಹಾಕಿದ. ಉಸಿರು ಹದಕ್ಕೆ ಬಂದಮೇಲೆ ತಮ್ಮನ ಅಂಗಿಯ ತುದಿ ಹಿಡಿದುಕೊಂಡ. ನಾನು ಲೋಟ ಹಿಡಿದು ನಿಂತೇ ಇದ್ದೆ.

ಮರುದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಟ್ಯೂಬ್ ಹಾಕಿಬಿಡುತ್ತಾರೆ ಅಂತ ಅಪ್ಪ ದಾರಿಯುದ್ದಕ್ಕೂ ಮೂಗು ಮುಟ್ಟಿಕೊಳ್ಳುತ್ತಿದ್ದ. ಡಾಕ್ಟರು ಎದೆ ಪರೀಕ್ಷೆ ಮಾಡಿ, ಇನ್ನೂ ಚೊಕ್ಕವಾಗಿದೆ ಅಂದು ಥೆರಪಿ ಮೇಡಂ ಹತ್ತಿರ ಕಳಿಸಿದರು. ಆಕೆ, "ಮನೇಲಿ ಹೆಂಗೆ ತಿನ್ನಿಸ್ತೀರೋ ಹಂಗೇ ತಿನ್ನಿಸಿ, ನೋಡ್ತೀನಿ" ಅಂದರು.

ಮೊದಲು ನಾನು. ಎರಡನೇ ಚಮಚಕ್ಕೇ ಅವರು ತಡೆದರು. "ಸರ್, ನೀವು ಯಾಕೆ ನಿಂತಿದೀರ?"

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ನೀವು ಮೇಲಿಂದ ಚಮಚ ತಂದ್ರೆ ಅವರು ಮೇಲಕ್ಕೇ ನೋಡ್ತಾರೆ. ತಲೆ ಹಿಂದಕ್ಕೆ ಹೋಗುತ್ತೆ, ಊಟ ಉಸಿರಿನ ದಾರಿಗೆ ಬೀಳುತ್ತೆ. ಗಲ್ಲ ಕೆಳಗೆ ಅಂತ ಬಾಯಲ್ಲಿ ಹೇಳ್ತೀರ, ಕೈಯಲ್ಲಿ ಮೇಲಕ್ಕೆ ಎತ್ತಿಸ್ತೀರ. ಅವರಿಗಿಂತ ಕೆಳಗೆ ಕೂತ್ಕೊಳಿ."

ಆಮೇಲೆ ತಮ್ಮ ಅಲ್ಲೇ ಇದ್ದ ಒಂದು ಕುಳ್ಳ ಸ್ಟೂಲು ಎಳೆದು ಕೂತ. ಅಪ್ಪ ತಲೆ ಬಗ್ಗಿಸಿ ಅವನ ಮುಖ ನೋಡುತ್ತ ನುಂಗಿದ. "ಇವರಿಗೆ ಯಾರು ಹೇಳಿಕೊಟ್ರು?" ಅಂದರು ಮೇಡಂ.

"ಯಾರೂ ಇಲ್ಲ ಮೇಡಂ. ತೋಟದಲ್ಲಿ ಓಡಾಡಿ ಕಾಲು ನೋವು, ಅದಕ್ಕೇ ಕೂತ್ಕೋತೀನಿ" ಅಂದ ತಮ್ಮ.

ಟ್ಯೂಬ್ ಸದ್ಯಕ್ಕೆ ಬೇಡ ಅಂದರು. ಅಪ್ಪ ಮೇಡಂಗೆ ಒಂದೇ ಕೈಯಲ್ಲಿ ನಮಸ್ಕಾರ ಮಾಡಿದ. ನನಗೂ ದೊಡ್ಡ ಭಾರ ಇಳಿದಂತಾಯಿತು, ಅದರಲ್ಲಿ ಅರ್ಧ ಬೇರೆಯದೇ ಕಾರಣಕ್ಕೆ. ಅಪ್ಪ ಇಷ್ಟು ದಿನ ಇವನ ಕೈಯಲ್ಲಿ ಉಂಡದ್ದು ಪ್ರೀತಿಯಿಂದಲ್ಲ, ಸ್ಟೂಲಿನಿಂದ. ಬರೀ ಎತ್ತರದ ವ್ಯತ್ಯಾಸ. ಎತ್ತರವನ್ನು ನಾನು ಸರಿ ಮಾಡಿಕೊಳ್ಳಬಲ್ಲೆ.

ಸಂಜೆ ತಮ್ಮ ಶ್ರೀನಿವಾಸಪುರದ ಬಸ್ಸು ಹಿಡಿದು ಹೋದ. ಬೆಳಗ್ಗೆ ನಾನು ಪ್ಯಾಂಟು ಹಾಕುವ ಮುಂಚೆ, ಲುಂಗಿಯಲ್ಲೇ ಅಪ್ಪನ ಮುಂದೆ ನೆಲಕ್ಕೆ ಕೂತೆ. ಅಪ್ಪನ ಮುಖವನ್ನು ಕೆಳಗಿನಿಂದ ನೋಡಿ ಎಷ್ಟು ವರ್ಷವಾಗಿತ್ತೋ. ಗಲ್ಲದ ಕೆಳಗೆ ಕ್ಷೌರ ತಪ್ಪಿದ ಬಿಳಿ ಕೂದಲು ಕಂಡವು. ಚಮಚ ಇಟ್ಟೆ, ಗಂಟಲ ಗುಬುಟು ಮೇಲೆ ಹೋಗಿ ಕೆಳಗೆ ಇಳಿಯುವುದನ್ನು ನೋಡಿದೆ. ಕೆಮ್ಮಲಿಲ್ಲ. ಮತ್ತೊಂದು. ಕೆಮ್ಮಲಿಲ್ಲ. ಅರ್ಧ ಬಟ್ಟಲು ದಾಟಿತು.

ಅಪ್ಪ ಬಾಗಿಲ ಕಡೆ ನೋಡಿ, ತುತ್ತು ಬಾಯಲ್ಲಿರುವಾಗಲೇ ಏನೋ ಕೇಳಲು ಹೋದ.

"ನುಂಗಪ್ಪ, ಆಮೇಲೆ ಮಾತಾಡು" ಅಂದೆ.

ನಿಧಾನಕ್ಕೆ ನುಂಗಿದ. ಬಾಯಿ ಖಾಲಿ ಅಂತ ತೆರೆದು ತೋರಿಸಿದ. "ವಾಡೇಡಿ?" ಅಂದ. ಅವನೆಲ್ಲಿ?

ತೋಟಕ್ಕೆ ಹೋದ ಅಂದೆ. ಶನಿವಾರ ಬರ್ತಾನೆ ಅಂತಲೂ ಹೇಳಿದೆ, ಆ ಮಾತಿಗೆ ಅಪ್ಪನ ಮುಖ ಅರಳಿದ್ದನ್ನೂ ನೋಡಿದೆ, ಇನ್ನೊಂದು ಚಮಚ ತುಂಬಿದೆ.